ಹಲಗೆಯ ಕೆಳಗಿನ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಬಸವನ ಬಾಗೇವಾಡಿ ಠಾಣೆಗೆ ಬಂದ ದೂರಿನ ತಲೆಬುಡ ಇನ್‌ಸ್ಪೆಕ್ಟರ್ ಸಂಜೀವಕುಮಾರರಿಗೆ ಮೊದಲು ತಿಳಿಯಲಿಲ್ಲ. ಕೊಟ್ಟವರು ಕಲಾವಿದೆ ಶಬಾನಾ. ಊರಾಚೆಯ ಹಳೇ ಹತ್ತಿ ಗೋದಾಮಿನ ನಾಲ್ಕೂ ಗೋಡೆ ತುಂಬ ಅವರು ಜೋಳದ ಕಣದ ವಿಡಿಯೊ ಬಿಟ್ಟಿದ್ದರು. ಎತ್ತುಗಳು ಕಲ್ಲುಗುಂಡು ಎಳೆಯುತ್ತ ಸುತ್ತುತ್ತವೆ. ನಡುವಿನ ಹಲಗೆಯ ಮೇಲೆ ನಿಂತರೆ ಗುಂಡು ಉರುಳುವ ಸದ್ದು ಅಂಗಾಲಿನಿಂದ ಎದೆಗೇರುತ್ತದೆ. ಹಲಗೆಯಡಿ ಕೂರಿಸಿದ್ದ, ಸದ್ದನ್ನು ನಡುಕ ಮಾಡುವ ಪೆಟ್ಟಿಗೆ ಕಳುವಾಗಿತ್ತು.

"ಬುಧವಾರ ಸಿಂದಗ್ಯಾಗ ಪ್ರದರ್ಶನ ಐತ್ರಿ. ಆ ಪೆಟಗಿ ಇಲ್ಲಂದ್ರ ಇದು ಬರೇ ಸಿನಿಮಾ."

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಹಿಂಬಾಗಿಲ ಕೊಂಡಿ ಕಿತ್ತುಹೋಗಿತ್ತು. ಬೆಲೆಬಾಳುವ ಪ್ರೊಜೆಕ್ಟರ್‌ಗಳು ಇದ್ದಲ್ಲೇ ಇದ್ದವು. ಕಾನ್‌ಸ್ಟೇಬಲ್ ಬಂದೇನವಾಜ ಬಗ್ಗಿ ನೆಲದ ಧೂಳು ನೋಡಿದ.

"ಹೊರಗ ಚಪ್ಪಲಿ ಗುರುತ ಅದಾವ್ರಿ ಸರ. ಒಳಗ ಬರಿಗಾಲು."

"ಅಂದ್ರ?"

"ಬಾಗಲದಾಗ ಬಿಚ್ಚಿಟ್ಟು ಬಂದಾನ್ರಿ. ಕಣದಾಗ ಯಾರ ಚಪ್ಪಲಿ ಮೆಟಗೊಂಡು ಹೋಗ್ತಾರ?"

ಸಂಜೀವಕುಮಾರ ನಕ್ಕುಬಿಟ್ಟರು. ಎಂಥ ಕಳ್ಳನಪ್ಪ ಇವನು! ಕದಿಯಲು ಹೆದರಲಿಲ್ಲ, ಗೋಡೆಯ ಮೇಲಿನ ಕಣಕ್ಕೆ ಚಪ್ಪಲಿ ಸೋಕಿಸಲು ಹೆದರಿದ. ಇದು ಪೇಟೆಯ ಸಾಮಾನುಗಳ್ಳರ ಕೆಲಸವಲ್ಲ, ಕಣದಲ್ಲಿ ರಾಶಿ ಮಾಡಿದ ರೈತನದು. ಅವರು ಶಬಾನಾರತ್ತ ತಿರುಗಿದರು.

"ಇದನ್ನ ನೋಡಾಕ ಬಂದವರೊಳಗ ಹಲಗಿ ಬಿಟ್ಟು ಏಳಲಾರದವರು ಯಾರರೆ ಇದ್ರೇನು?"

"ನಿನ್ನೆ ಒಬ್ಬಾಕಿ ಹುಡುಗಿ ಇದ್ಲರಿ. ಆಕಿಗೆ ಕಿವಿ ಕೇಳೂದಿಲ್ಲ. ಹಲಗಿಗೆ ಗಲ್ಲ ಹಚ್ಚಿ ಮಲಗಿ ನಗತಿದ್ಲು. ಅವರಪ್ಪ ಎತಗೊಂಡು ಹೋಗುವಾಗ ಬಾಳ ಅತ್ಲರಿ. ಹೂವಿನ ಹಿಪ್ಪರಗಿಯವರಂತ."

ಹಿಪ್ಪರಗಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಹುಡುಗಿಯ ಅಪ್ಪ ಕಲ್ಮೇಶ ಪೊಲೀಸರನ್ನು ಕಂಡವನೇ ತಲೆ ತಗ್ಗಿಸಿದ. ಮಗಳು ಜಯಮಾಲಾ ಮಲಗುವ ಹೊರಸಿನ ಕೆಳಗೆ ಪೆಟ್ಟಿಗೆ ಸಿಕ್ಕಿತು.

"ನೀನ ತಂದಿಯೇನು?" ಎಂದರು ಸಂಜೀವಕುಮಾರ.

"ಹೌದ್ರಿ."

"ಯಾಕ?"

"ಹನ್ನೊಂದು ವರ್ಷದಾಕಿ. ಆಕಿ ಹೆಸರು ಆಕೀಗೇ ಮುಟ್ಟಿಲ್ರಿ. ಇದರಾಗ ಕರದ್ರ ಮುಟ್ಟತೈತೇನೋ ಅಂತ ತಂದೆ. ಬಾಯಿ ಹಚ್ಚಿ ಒದರಿ ಒದರಿ ಗಂಟಲ ಹರದ ಹೋತು. ಪೆಟಗಿ ಸುಮ್ನ ಕುಂತೈತಿ."

"ಅದಕ್ಕ ಮೈಕು, ಕರೆಂಟು ಬೇಕೋ ತಮ್ಮಾ," ಎಂದ ಬಂದೇನವಾಜ. ಬೈಯಲು ಹೋದವನಿಗೆ ಕಣ್ಣು ತುಂಬಿ ಬಂತು.

ಕಲ್ಮೇಶನನ್ನು ಬಂಧಿಸಲಾಯಿತು. ವಶಪಡಿಸಿಕೊಂಡ ಸ್ವತ್ತು ಕೆಲಸ ಮಾಡುತ್ತದೋ ಇಲ್ಲವೋ ಪಂಚರೆದುರೇ ತಿಳಿಯಬೇಕೆಂದು ಸಂಜೀವಕುಮಾರ ಪಟ್ಟು ಹಿಡಿದು, ಅಪ್ಪ ಮಗಳಿಬ್ಬರನ್ನೂ ಗೋದಾಮಿಗೆ ಕರೆತಂದರು. ಕಾನೂನಿನಲ್ಲಿ ಇದಕ್ಕೆ ಜಾಗವಿದೆಯೋ ಇಲ್ಲವೋ, ಅವರೇ ಬಲ್ಲರು. ಶಬಾನಾ ತಂತಿ ಜೋಡಿಸಿದರು. ಪ್ರಕರಣ ರಾಜಿ ಮಾಡಿಕೊಳ್ಳಲು ಕೋರ್ಟಿನ ಅನುಮತಿ ಕೇಳುತ್ತೇನೆಂದು ಇನ್‌ಸ್ಪೆಕ್ಟರಿಗೆ ಹೇಳಿ, ಮೈಕನ್ನು ಕಲ್ಮೇಶನ ಕೈಗೆ ಕೊಟ್ಟರು.

"ಕರೀರಿ."

"ಜಯಾ," ಎಂದ ಕಲ್ಮೇಶ.

ಹಲಗೆಯ ಮೇಲೆ ನಿಂತಿದ್ದ ಹುಡುಗಿ ತನ್ನ ಪಾದ ನೋಡಿಕೊಂಡಳು. ಅವನು ಮತ್ತೆ ಕರೆದ. ಈ ಸಲ ಅವಳು ತಲೆಯೆತ್ತಿ ಅಪ್ಪನ ತುಟಿ ನೋಡಿದಳು. ಮೂರನೆಯ ಸಲ ಕರೆದಾಗ, ಕರೆದದ್ದು ನನ್ನನ್ನೇ ಏನು ಎಂಬಂತೆ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.

ಕಲ್ಮೇಶ ಹೌದೆಂದು ತಲೆಯಾಡಿಸಿದ.