ತಾತನ ಫಿಯೆಟ್ ಮತ್ತು ಒದ್ದೆ ಬಟ್ಟೆ

“ಒದ್ದೆ ಬಟ್ಟೇಲಿ ಒರ್ಸಿ ಒರ್ಸಿ ಕೀ ಸ್ವಿಚ್ಚಿಗೆ ನೀರು ಇಳಿಸಿದ್ದೀಯ ಕಣೇ! ಇನ್ಮೇಲೆ ಕಾರಿನ ಹತ್ರ ಸುಳೀಬೇಡ!”

ತಾತ ಕರಿಬಸವಯ್ಯನವರ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಗಂಟಲು, ಕೇಳಬೇಕೆ! ಎದುರುಮನೆ ಚಿಕ್ಕಗೌರಮ್ಮ ಬಾಗಿಲು ತೊಳೆಯುವುದನ್ನು ನಿಲ್ಲಿಸಿ ಇತ್ತಲೇ ನೋಡಿದರು.

ಇಂಪನಾ ತಲೆ ತಗ್ಗಿಸಿ ನಿಂತಳು. ಪ್ರತಿ ಭಾನುವಾರ ತಾತನ ಹಳೇ ಫಿಯೆಟ್ ಒರೆಸುವುದು ಅವಳ ಕೆಲಸ, ಕಾಡಿ ಬೇಡಿ ಪಡೆದದ್ದು. ಅವಳಿಗೆ ಆ ಕಾರೆಂದರೆ ಪ್ರಾಣ. ಇವತ್ತು ಒರೆಸಿದ ಮೇಲೆ ತಾತ ಕೀ ತಿರುಗಿಸಿದರೆ ಕೆಂಪು ಲೈಟೂ ಇಲ್ಲ, ಸದ್ದೂ ಇಲ್ಲ. ಈಗ ಆ ಕೆಲಸವೂ ಕೈತಪ್ಪಿತು. ನಿಜವಾಗಿಯೂ ನಾನೇ ಹಾಳುಮಾಡಿದೆನಾ?

ಅಷ್ಟರಲ್ಲಿ ತಾತ ಕರೆಸಿದ್ದ, ಕಾರಿನ ವೈರಿಂಗ್ ಮಾಡುವ ಗಂಗಾಧರ್ ಸ್ಕೂಟರಿನಲ್ಲಿ ಬಂದ. ಕಾರಿನ ಹಾರ್ನ್ ಒತ್ತಿದ. ಪೋಂ ಎಂದಿತು.

“ಬ್ಯಾಟರಿ ಸರ್ಯಾಗೈತೆ ಯಜಮಾನ್ರೇ. ಸ್ವಿಚ್ಚಿನ ಹಿಂದೆ ನೋಡ್ಬೇಕು” ಎಂದು ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ. “ಪಾಪು, ಸೀಟ್ ಮೇಲೆ ಕೂತ್ಕೊ. ನಾನು ಹೇಳಿದಾಗ ಕೀ ತಿರುಗ್ಸು.”

ಇಂಪನಾ ತಾತನ ಮುಖ ನೋಡಿದಳು. ತಾತ ಮುಖ ಆ ಕಡೆ ತಿರುಗಿಸಿದರು. ಬೇಡ ಎನ್ನಲಿಲ್ಲವಲ್ಲ! ಅವಳು ಮೆಲ್ಲಗೆ ಹತ್ತಿ ಕುಳಿತಳು.

ಗಂಗಾಧರನ ಕೈಯಲ್ಲಿ ಎರಡು ವೈರ್ ಕಟ್ಟಿದ ಪುಟ್ಟ ಬಲ್ಬಿತ್ತು. ಒಂದು ವೈರನ್ನು ಕಾರಿನ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಬ್ಯಾಟರಿಯಿಂದ ಬರುವ ವೈರಿಗೆ ಮುಟ್ಟಿಸಿದ. ಬಲ್ಬು ಹತ್ತಿತು.

“ಸ್ವಿಚ್ಚಿನವರೆಗೂ ಕರೆಂಟು ಬತ್ತೈತೆ. ಆಚೆಗೆ ಹೋಗ್ತೈತಾ ನೋಡಣ” ಎಂದು ವೈರನ್ನು ಸ್ವಿಚ್ಚಿನ ಆಚೆ ಬದಿಗೆ ಮುಟ್ಟಿಸಿದ. “ತಿರುಗ್ಸು.”

ತಿರುಗಿಸಿದಳು. ಬಲ್ಬು ಹತ್ತಲಿಲ್ಲ. ಕಾರಿನ ಕೀಗೆ ಜೋತಿದ್ದ ಬೀಗದಕೈ ಗೊಂಚಲು ಮೊಣಕಾಲಿಗೆ ಚುಚ್ಚುತ್ತಿತ್ತು. ಅದನ್ನು ಕೈಯಲ್ಲಿ ಮೇಲೆತ್ತಿದಳು. ಬಲ್ಬು ಹತ್ತಿತು! ಬಿಟ್ಟಳು, ಆರಿತು. ಮತ್ತೆ ಎತ್ತಿದಳು.

“ಮಾಮ! ಗೊಂಚಲು ಎತ್ತಿದ್ರೆ ಮಾತ್ರ ಹತ್ಕೊಂತೈತೆ!”

ಗಂಗಾಧರ್ ಎದ್ದು ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದ. “ಮಂಡೀದು, ಎರಡು ಗೋಡೌನಿಂದು, ಪಂಪ್‌ಹೌಸಿಂದು… ಊರಿನ ಬೀಗದಕೈಯೆಲ್ಲ ಇಲ್ಲೇ ಐತಲ್ರೀ! ಈ ಭಾರ ವರ್ಷಗಟ್ಲೆ ಜೋತಾಡಿ ಸ್ವಿಚ್ಚು ಒಳಗೇ ಸವೆದೋಗೈತೆ. ನೀರಿನ ಪಸೆನೂ ಇಲ್ಲ, ಮಗುನ ಸುಮ್ನೆ ಬೈದ್ರಿ.”

ಇಂಪನಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ತಾತ ಗೊಂಚಲನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು, ಅಷ್ಟೇ. ದೊಡ್ಡವರು ತಪ್ಪು ಮಾಡಿದರೆ ಹೀಗೇ ಅಲ್ಲವೇ, ಮಾತೇ ಮುಗಿಯಿತು! ಅವಳಿಗೆ ಕೋಪ ಬಂತು.

ಗಂಗಾಧರ್ ಬ್ಯಾಟರಿ ವೈರ್ ಬಿಚ್ಚಿಟ್ಟು ಬೇರೆ ಸ್ವಿಚ್ ಕೂರಿಸಿ, ವೈರ್ ಮತ್ತೆ ಜೋಡಿಸಿ ಕೀ ತಿರುಗಿಸಿದ. ಕಾರು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

ತಾತ ನಡುಬೀದಿಗೆ ಹೋಗಿ ನಿಂತರು.

“ಚಿಕ್ಕಗೌರಮ್ಮಾ! ಕಾರು ಕೆಟ್ಟಿದ್ದು ನನ್ನಿಂದ ಕಣಮ್ಮ! ನಮ್ ಇಂಪನದು ಏನೂ ತಪ್ಪಿಲ್ಲ. ಎಲ್ಲಿ ಕೆಟ್ಟೈತೆ ಅಂತ ಕಂಡುಹಿಡಿದೋಳೂ ಅವಳೇ!”

ಬೈದಷ್ಟೇ ಜೋರು ದನಿ. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಯಾರೋ ನಕ್ಕರು.

ಇಂಪನಾಳ ಕೋಪ ಎಲ್ಲಿ ಹೋಯಿತೋ. ಓಡಿಹೋಗಿ ತಾತನ ಕೈ ಹಿಡಿದುಕೊಂಡಳು. ಕೈ ಬೆವೆತು ಒದ್ದೆಯಾಗಿತ್ತು. ಅಷ್ಟು ಜೋರಾಗಿ ಮಾತಾಡುವ ತಾತನಿಗೂ ಎಲ್ಲರೆದುರು ತಪ್ಪೊಪ್ಪಿಕೊಳ್ಳಲು ಭಯವಾಗುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಆ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.