ಎರಡು ಬೆರಳಿನಷ್ಟು ಜಾಗ

ಅವಳು ಮೊದಲ ಸಲ ಸ್ಟುಡಿಯೋಗೆ ಬಂದದ್ದು ಜಗಳ ಆಡಲಿಕ್ಕೆ. ಕೌಂಟರಿನ ಮೇಲೆ ಫೋಟೋ ಇಟ್ಟು ಅದರ ನಡುಮಧ್ಯೆ ಬೆರಳೂರಿದಳು.

"ಇಲ್ಲಿದ್ದ ಜಾಗ ಏನಾಯ್ತು?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಹಳೆಯ ಫೋಟೋಗಳನ್ನು ಸರಿಪಡಿಸುವುದು ಅವನ ಕಸುಬು. ಹಿಂದಿನ ವಾರ ಕಾಲೇಜು ಹುಡುಗಿಯೊಬ್ಬಳು ಇದೇ ಫೋಟೋ ತಂದು, ನಡುವೆ ನಿಂತಿರುವ ಅಪ್ಪನನ್ನು ತೆಗೆದುಬಿಡಿ ಎಂದಿದ್ದಳು. ತೆಗೆದ. ನಡುವೆ ಬೋಳಾಗಿ ಉಳಿದರೆ ಕೆಲಸ ಅರೆಬರೆ ಎನ್ನಿಸಿಕೊಳ್ಳುತ್ತದಲ್ಲ, ಹಾಗಾಗಿ ಎಡಗಡೆಯ ಅಜ್ಜಿಯನ್ನೂ ಬಲಗಡೆಯ ಹೆಂಗಸನ್ನೂ ಭುಜಕ್ಕೆ ಭುಜ ತಾಗುವಂತೆ ಕೂಡಿಸಿದ. ಕೂದಲೆಳೆಯಷ್ಟೂ ಗುರುತು ಸಿಗುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬ ಬೇರೆ.

ಬಲಗಡೆಯ ಆ ಹೆಂಗಸೇ ಈಗ ಎದುರಿಗೆ ನಿಂತಿದ್ದಳು. ಗಂಡ ಮನೆ ಬಿಟ್ಟು ಆರು ವರ್ಷವಾಯಿತಂತೆ. ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದಾನಂತೆ. ಫೋಟೋ ನೋಡಿದಾಗಿನಿಂದ ಅತ್ತೆ ಸರಿಯಾಗಿ ಊಟ ಮಾಡಿಲ್ಲವಂತೆ.

"ಮಗನನ್ನ ತೆಗೆದರು ಅಂತ ಅವರು ಅಳ್ತಿಲ್ಲ. ಅವನು ವಾಪಸ್ ಬಂದ್ರೆ ಎಲ್ಲಿ ನಿಲ್ತಾನೆ ಅಂತ ಅಳ್ತಿದಾರೆ."

ಅವನು ನಾಚಿಕೊಂಡ. ಜಾಗ ಮತ್ತೆ ಬಿಡಿಸಿಕೊಡುತ್ತೇನೆ, ಎಷ್ಟು ಬೇಕು ಎಂದು ಕೇಳಿದ. ಅವಳು ಎರಡು ಬೆರಳು ಜೋಡಿಸಿ ಫೋಟೋದ ಮೇಲಿಟ್ಟಳು. ಅವಳು ಅದೇ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವವಳು. ಬೆರಳಲ್ಲೇ ಅಳೆಯುವುದು ಅವಳಿಗೆ ರೂಢಿಯಾಗಿತ್ತು.

ಅರ್ಧ ಗಂಟೆಯ ಕೆಲಸ ಅದು. ಅವನು ಮೂರು ವಾರ ತೆಗೆದುಕೊಂಡ. ಹಿಂದಿನ ಪರದೆಯ ಮಡಿಕೆ ಸರಿಹೋಗಿಲ್ಲ ಎಂದು ಒಂದು ದಿನ, ನೆರಳು ಕೂತಿಲ್ಲ ಎಂದು ಇನ್ನೊಂದು ದಿನ. ಅವಳು ಪ್ರತಿ ಸಲವೂ ನಂಬಿದಳು, ಅಥವಾ ನಂಬಿದ ಹಾಗೆ ಮಾಡಿದಳು. ಸ್ಕ್ರೀನ್ ನೋಡುವಾಗ, ಸೂಜಿಗೆ ದಾರ ಪೋಣಿಸುವವರ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದಳು. ಅವನು ಸ್ಕ್ರೀನ್ ಬಿಟ್ಟು ಆ ಕಣ್ಣನ್ನೇ ನೋಡುತ್ತಿದ್ದ.

ಮನೆಯ ಸಂಗತಿ ಒಂದೊಂದಾಗಿ ತಿಳಿಯಿತು. ಫೋಟೋ ತಂದಿದ್ದ ಆ ಹುಡುಗಿ ಇವಳ ಗಂಡನ ಮೊದಲ ಹೆಂಡತಿಯ ಮಗಳು. ಇವಳನ್ನು ಚಿಕ್ಕಮ್ಮ ಎನ್ನುತ್ತಿದ್ದವಳು ಅಪ್ಪ ಮನೆ ಬಿಟ್ಟ ವರ್ಷದಿಂದ ಅಮ್ಮ ಎನ್ನತೊಡಗಿದ್ದಳು. ಅಜ್ಜಿಗೂ ಮೊಮ್ಮಗಳಿಗೂ ರಕ್ತಸಂಬಂಧ. ಇವಳಿಗೆ ಇಬ್ಬರ ಜೊತೆಗೂ ಇಲ್ಲ. ಯಾರ ಮೂಲಕ ಇವರೆಲ್ಲ ಸಂಬಂಧಿಕರೋ ಅವನೇ ಮನೆಯಲ್ಲಿರಲಿಲ್ಲ. ಆದರೂ ಮೂರು ಹೊಟ್ಟೆ ಅವಳ ಮಿಷನ್ನಿನ ಮೇಲೇ ನಡೆಯುತ್ತಿತ್ತು.

ಅವನು ಅನಾಥಾಶ್ರಮದಲ್ಲಿ ಬೆಳೆದವನು. ಅರವತ್ತು ಹುಡುಗರ ಗ್ರೂಪ್ ಫೋಟೋದ ಮೂರನೇ ಸಾಲಿನಲ್ಲಿ ಅರ್ಧ ಮುಖ, ಚಿಕ್ಕಂದಿನ ಗುರುತು ಅಂತ ಅವನಿಗಿದ್ದದ್ದು ಅಷ್ಟೇ. ಅದನ್ನು ಕೇಳಿ ಅವಳು, "ಹಾಗಾದ್ರೆ ನಿಮ್ಮದೇ ದೊಡ್ಡ ಸಂಸಾರ ಬಿಡಿ" ಎಂದು ನಕ್ಕಳು. ನಕ್ಕ ಮೇಲೆ ತಾನೇ ಪೆಚ್ಚಾದಳು.

ಮಾತು ತಿರುಗಿಸಲು ಅವನ ಅಂಗಿ ಸಿಕ್ಕಿತು. ಇದರೊಳಗೆ ಇನ್ನೊಬ್ಬರು ಬಾಡಿಗೆಗಿರಬಹುದು, ಕೊಡಿ, ಬಿಗಿ ಮಾಡ್ತೀನಿ ಎಂದಳು. ಮರುದಿನ ಅವನು ಅಂಗಿ ಕೊಟ್ಟು, ಹೆಚ್ಚಿನ ಬಟ್ಟೆ ಕತ್ತರಿಸಿಬಿಡಿ, ನಾನೇನು ಇನ್ನು ಬೆಳೆಯಲ್ಲ ಎಂದ. ಬಟ್ಟೆ ಕತ್ತರಿಸಲು ಜನ ಯಾವಾಗಲೂ ಅವಸರ ಮಾಡ್ತಾರೆ ಎಂದು ಗೊಣಗುತ್ತಾ ಅವಳು ಅಂಗಿಯನ್ನು ಚೀಲಕ್ಕೆ ಹಾಕಿಕೊಂಡಳು.

ಅದೇ ವಾರ ಅವನು, ಅವನಂಥವನು ಮಾತ್ರ ಮಾಡಬಹುದಾದ ಎಡವಟ್ಟು ಮಾಡಿದ. ಬಾಯಲ್ಲಿ ಹೇಳಲು ಧೈರ್ಯ ಸಾಲದೆ, ತನ್ನದೊಂದು ಫೋಟೋ ತೆಗೆದು ಆ ಖಾಲಿ ಜಾಗದಲ್ಲಿ ನಿಲ್ಲಿಸಿದ. ಅವಳು ಬಂದಾಗ ಸ್ಕ್ರೀನನ್ನು ಅವಳತ್ತ ತಿರುಗಿಸಿದ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಚೆನ್ನಾಗಿದೆ. ಹೊಲಿಗೆ ಕಾಣಲ್ಲ."

"ನಿಮ್ಮನ್ನ ಇಷ್ಟಪಡ್ತೀನಿ" ಎಂದ ಅವನು. "ನಿಮ್ಮೊಬ್ಬರನ್ನೇ ಕರೀತಿಲ್ಲ. ಮೂವರೂ ಇರೋ ಮನೆಗೇ ಬರ್ತೀನಿ ಅಂತಿದೀನಿ."

"ನನಗೂ ಇಷ್ಟ. ಇಲ್ಲಿಗೆ ಬರೋ ದಿನ ಎರಡೆರಡು ಸಲ ತಲೆ ಬಾಚ್ಕೋತೀನಿ." ಅವಳ ದನಿ ಅಲ್ಲಿಗೆ ಕುಸಿಯಿತು. "ಆದ್ರೆ ನೀವು ಅಲ್ಲಿ ನಿಂತ ದಿನವೇ ಅತ್ತೆ ಪಾಲಿಗೆ ಮಗ ಸತ್ತ ಹಾಗೆ. ಅವನನ್ನ ಬಿಟ್ಟುಕೊಟ್ರೆ ನಾನು ಅವರಿಗೆ ಏನಾಗಬೇಕು ಹೇಳಿ? ಸೊಸೆ ಅನ್ನೋ ಒಂದೇ ದಾರದ ಮೇಲೆ ನಮ್ಮ ಮನೆ ನಿಂತಿದೆ."

"ಕಾಯ್ತೀನಿ."

"ಎಲ್ಲಿವರೆಗೆ? ಅವರು ಹೋಗೋವರೆಗೆ ತಾನೆ? ನೀವು ಕಾಯ್ತಿದೀರಿ ಅಂತ ಗೊತ್ತಿದ್ರೆ, ಅವರು ಕೆಮ್ಮಿದಾಗೆಲ್ಲ ನಾನು ದಿನ ಎಣಿಸ್ತೀನೇನೋ ಅಂತ ಭಯ ಆಗುತ್ತೆ. ಅಂಥವಳಾಗಿ ನಿಮ್ಮ ಹತ್ತಿರ ಬರಲಾರೆ. ಕಾಯಬೇಡಿ."

ಅವನು ಮೌಸ್ ಕೈಗೆತ್ತಿಕೊಂಡ. ಅವಳ ಎದುರಿಗೇ ತನ್ನನ್ನು ತಾನು ಫೋಟೋದಿಂದ ಅಳಿಸಿದ. ಪರದೆಯ ಮಡಿಕೆಗಳು ಮತ್ತೆ ಕಾಣಿಸಿಕೊಂಡವು. ಪ್ರಿಂಟ್ ತೆಗೆದು ಕವರಿಗೆ ಹಾಕಿ ಮುಂದಿಟ್ಟ. ಅವಳು ಅದನ್ನು ತೆಗೆದುಕೊಂಡು, ಅಂಗಿಯ ಪೊಟ್ಟಣ ಕೌಂಟರಿನ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು.

ಆಮೇಲೆ ಅವಳು ಆ ಕಡೆ ಬರಲಿಲ್ಲ. ಸ್ಟುಡಿಯೋ ಮುಂದೆ ಹಾಯುವುದು ತಪ್ಪಲೆಂದು ಹಿಂದಿನ ಬೀದಿ ಬಳಸಿ ಹೋಗುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಹುಡುಗಿ ಒಮ್ಮೆ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದವಳು, ಅಜ್ಜಿ ಈಗ ಊಟ ಮಾಡ್ತಾರೆ, ಬೆಳಗಾದರೆ ಆ ಫೋಟೋದ ಗಾಜು ಒರೆಸ್ತಾರೆ ಎಂದಳು. ಅಮ್ಮ ಹೇಗಿದ್ದಾರೆ ಎಂದು ಕೇಳುವ ಬದಲು ಅವನು, ಗಲ್ಲ ಸ್ವಲ್ಪ ಮೇಲೆತ್ತಮ್ಮ ಎಂದ.

ಪೊಟ್ಟಣ ನಾಲ್ಕು ತಿಂಗಳು ಬಿಚ್ಚದೆ ಬಿದ್ದಿತ್ತು. ಒಂದು ಬೆಳಿಗ್ಗೆ ಬೇರೆ ಅಂಗಿ ಯಾವುದೂ ಒಣಗಿರಲಿಲ್ಲ. ಅದನ್ನೇ ತೆಗೆದು ಇಸ್ತ್ರಿ ಮಾಡಲೆಂದು ಒಳಮೈ ತಿರುವಿದ. ಅವಳು ಬಟ್ಟೆ ಕತ್ತರಿಸಿರಲಿಲ್ಲ. ಎರಡೂ ಪಕ್ಕೆಯ ಹೊಲಿಗೆಯೊಳಗೆ, ಬೇಕಾದಾಗ ಬಿಚ್ಚಿಕೊಳ್ಳಬಹುದಾದ ಹಾಗೆ ಸಡಿಲ ನೂಲಿನಲ್ಲಿ ಮಡಿಸಿಟ್ಟಿದ್ದಳು.

ಅವನು ಬೆರಳಿಟ್ಟು ಅಳೆದ. ಸರಿಯಾಗಿ ಎರಡು ಬೆರಳು.

ಆ ಮಡಿಕೆಗೆ ಇಸ್ತ್ರಿ ತಾಗಿಸದೆ ಅಂಗಿಯನ್ನು ತಿರುವಿ ತೊಟ್ಟುಕೊಂಡ. ಅಂಗಿ ಮೈಗೆ ಹೇಳಿಮಾಡಿಸಿದಂತಿತ್ತು. ಕಣ್ಣೊರೆಸಿಕೊಂಡು ಸ್ಟುಡಿಯೋ ಬಾಗಿಲು ತೆಗೆಯಲು ಹೊರಟ.