ದಿನಕ್ಕೊಂದು ಹಸಿರು ಬಾಟಲಿ

ಸೋಪಕ್ಕ ಬಂದು ಬಾಗಿಲು ಬಡಿದಾಗ ಪುಟ್ಟಿ ದೊಡ್ಡಮ್ಮನ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅದು ಆ ಮನೆಯ ನಿತ್ಯದ ಕೆಲಸ. ದೊಡ್ಡಮ್ಮನ ಬಟ್ಟೆಯಲ್ಲಿ ದಿನವೂ ಎಲ್ಲೋ ಒಂದು ಗುಂಡಿ ಸಡಿಲವಾಗಿರುತ್ತಿತ್ತು. ದಿನವೂ ಅವಳು, "ಪುಟ್ಟೀ, ಕಣ್ಣು ಕಾಣಲ್ಲ ಕಣೇ, ಸ್ವಲ್ಪ ಪೋಣಿಸಿಕೊಡು" ಎನ್ನುತ್ತಿದ್ದಳು. ಅದಾದ ಮೇಲೆ ಇಬ್ಬರಿಗೂ ಹೆಚ್ಚು ಮಾತಿರುತ್ತಿರಲಿಲ್ಲ. ದೊಡ್ಡಮ್ಮ ಹೊಲಿಯುತ್ತಿದ್ದಳು. ಪುಟ್ಟಿ ಕಿಟಕಿಯ ಹತ್ತಿರ ಕೂತು, ತೀರಿಕೊಂಡ ಅಜ್ಜಿ ಹೇಳಿದ್ದ ಕತೆಗಳ ಅರಮನೆಗಳನ್ನು ಎದುರು ಕಟ್ಟಡದ ನೀರಿನ ಟ್ಯಾಂಕುಗಳ ಮೇಲೆ ಕಟ್ಟುತ್ತಿದ್ದಳು.

"ದೊಡ್ಡಮ್ಮಾ, ನೀವೇ ನನ್ನನ್ನ ಉಳಿಸಬೇಕು," ಎಂದು ಸೋಪಕ್ಕ ಹೊಸ್ತಿಲಲ್ಲೇ ಅತ್ತಳು. "ನನ್ನ ಬಾಟಲಿಯ ನೀರಿನಿಂದ ಗಡಿಯಾರದಜ್ಜ ಸಾಯೋ ಹಾಗಾಯ್ತಂತೆ. ನಾಳೆಯೊಳಗೆ ಅಂಗಡಿ ಖಾಲಿ ಮಾಡು ಅಂತಿದ್ದಾರೆ ಕಟ್ಟಡದ ಸಂಘದ ಕಾರ್ಯದರ್ಶಿ."

ದೊಡ್ಡಮ್ಮನನ್ನು ಇಡೀ ಕಟ್ಟಡವೇ ದೊಡ್ಡಮ್ಮ ಎನ್ನುತ್ತಿತ್ತು. ವಿಮೆ ಕಂಪನಿಯಲ್ಲಿದ್ದಾಗ, ಬೆಂಕಿ ಬಿದ್ದ ಮನೆಗಳ ಬೂದಿ ಕೆದಕಿ ಕಿಡಿ ಎಲ್ಲಿ ಹುಟ್ಟಿತೆಂದು ಹೇಳುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಕಳೆದುಹೋದ ಬೆಕ್ಕಿನಿಂದ ಹಿಡಿದು ಸುಳ್ಳು ಸಹಿಯವರೆಗೆ ಕಟ್ಟಡದ ಒಗಟುಗಳೆಲ್ಲ ಅವಳ ಮನೆಗೇ ಮೆಟ್ಟಿಲು ಹತ್ತಿ ಬರುತ್ತಿದ್ದವು. ಜೊತೆಗೆ ಹೋಗುವವಳು ಪುಟ್ಟಿ.

"ಮೊದಲು ಕೂತ್ಕೋ. ಮೂಗು ಒರೆಸ್ಕೋ. ಆಮೇಲೆ ಮೊದಲಿಂದ ಹೇಳು," ಎಂದಳು ದೊಡ್ಡಮ್ಮ.

ಸೋಪಕ್ಕನ ಅಂಗಡಿ ಕೆಳಗೆ, ಮೆಟ್ಟಿಲ ಪಕ್ಕದ ಪುಟ್ಟ ಕೋಣೆ. ವಿನೆಗರಿನಲ್ಲಿ ನಿಂಬೆ ಸಿಪ್ಪೆ ನೆನೆಹಾಕಿ ಬಚ್ಚಲು ತೊಳೆಯುವ ನೀರು, ಅಡುಗೆ ಸೋಡಾದ ಪಾತ್ರೆ ಪುಡಿ, ಬಣ್ಣವಿಲ್ಲದ ನೆಲದ ಸೋಪು ಎಲ್ಲವನ್ನೂ ಅವಳೇ ತಯಾರಿಸುತ್ತಿದ್ದಳು. ಜನ ತಮ್ಮ ಬಾಟಲಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಕೈ ಉರಿಯುವುದಿಲ್ಲ, ಮಕ್ಕಳು ನೆಲ ನೆಕ್ಕಿದರೂ ಗಾಬರಿಯಿಲ್ಲ ಎಂದು ಕಟ್ಟಡದಲ್ಲಿ ಅರ್ಧಕ್ಕರ್ಧ ಜನ ಅಂಗಡಿಯ ಘಾಟು ಡಬ್ಬಗಳನ್ನು ಬಿಟ್ಟು ಅವಳ ಕಡೆ ತಿರುಗಿದ್ದರು.

ಗಡಿಯಾರ ರಿಪೇರಿ ಮಾಡುತ್ತ ಒಂಟಿಯಾಗಿದ್ದ ಗಡಿಯಾರದಜ್ಜ ಹಿಂದಿನ ಸಂಜೆ ತನ್ನ ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಪಕ್ಕದಲ್ಲಿ ಸೋಪಕ್ಕನ ಹಸಿರು ಬಾಟಲಿ, ಖಾಲಿ. ಎದುರು ಮನೆಯ ಸಿಸ್ಟರಮ್ಮ ನೋಡಿ ಹೊರಗೆಳೆದಿದ್ದರಿಂದ ಜೀವ ಉಳಿಯಿತು. ಯಾವುದೋ ಕೆಟ್ಟ ಗಾಳಿ ಎದೆಗೆ ಹೋಗಿದೆ, ಗಂಟಲು ಸುಟ್ಟಂತಾಗಿದೆ, ಸದ್ಯಕ್ಕೆ ಮಾತಾಡಿಸಬೇಡಿ ಎಂದಿದ್ದರು ಡಾಕ್ಟರು.

ದೊಡ್ಡಮ್ಮ ಸೋಪಕ್ಕ ತಂದಿದ್ದ ತುಂಬಿದ ಬಾಟಲಿಯ ಮುಚ್ಚಳ ತೆಗೆದು, ಬೆರಳಿಗೊಂದು ಹನಿ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಪುಟ್ಟಿ ಕಿರುಚಿಯೇಬಿಟ್ಟಳು.

"ಸುಮ್ನಿರೇ. ಉಪ್ಪು, ಖಾರ ಬಿದ್ರೆ ಉಪ್ಪಿನಕಾಯಿ ಆಗುತ್ತೆ ಇದು," ಎಂದು ದೊಡ್ಡಮ್ಮ ಎದ್ದಳು. "ಇದರಿಂದ ಯಾರೂ ಬೀಳಲ್ಲ. ಇದು ಇನ್ಯಾವುದನ್ನೋ ಭೇಟಿಯಾಗಿದೆ."

ಅಜ್ಜಿಯ ಕತೆಗಳಲ್ಲಿ ವಿಷಕ್ಕೆ ಯಾವಾಗಲೂ ಒಬ್ಬಳು ಕೆಟ್ಟ ಒಡತಿ ಇರುತ್ತಿದ್ದಳು. ಇಲ್ಲಿ ಅವಳು ಯಾರೋ ಎಂದು ಪುಟ್ಟಿ ಮೆಟ್ಟಿಲಿಳಿಯುವಾಗ ಎಲ್ಲರ ಬಾಗಿಲನ್ನೂ ಅನುಮಾನದಿಂದ ನೋಡಿದಳು.

ಆಸ್ಪತ್ರೆಯವರು ಅಜ್ಜನ ಕುತ್ತಿಗೆಯಿಂದ ತೆಗೆದುಕೊಟ್ಟ ಕೀಲಿಯಿಂದ ಮನೆಯ ಬೀಗ ತೆಗೆದವರು ಕಾರ್ಯದರ್ಶಿಯೇ. "ಈ ಬಾಗಿಲಿಗೆ ಸ್ಪ್ರಿಂಗ್ ಇದೆ, ತಾನೇ ಮುಚ್ಚಿ ತಾನೇ ಬೀಗ ಹಾಕ್ಕೊಳ್ಳುತ್ತೆ. ಮುದುಕ ಎಷ್ಟು ಸಲ ಹೊರಗೆ ಸಿಕ್ಕಿಹಾಕ್ಕೊಂಡಿದ್ದಾನೋ! ಈಚೆಗೆ ಕೀಲಿಯನ್ನ ಹಸುವಿನ ಗಂಟೆ ಥರ ಕುತ್ತಿಗೆಗೇ ನೇತುಹಾಕ್ಕೊಂಡಿದ್ದಾನೆ," ಎಂದು ಗೊಣಗಿದರು.

"ಸೋಪಕ್ಕ ಹೋದ್ರೆ ಆ ಕೋಣೆ ಯಾರಿಗೆ?" ಎಂದು ಕೇಳಿದಳು ದೊಡ್ಡಮ್ಮ.

"ಅಳಿಯ ಕೊರಿಯರ್ ಆಫೀಸು ಇಡ್ತೀನಿ ಅಂತಿದ್ದ... ಅದಕ್ಕೂ ಇದಕ್ಕೂ ಏನು ಸಂಬಂಧ?" ಕಾರ್ಯದರ್ಶಿಯ ಕಿವಿ ಕೆಂಪಾಯಿತು. ಪುಟ್ಟಿಗೆ ಒಡತಿಯ ಬದಲು ಒಡೆಯ ಸಿಕ್ಕಂತಾಯಿತು.

ಒಳಗೆ ಗೋಡೆ ತುಂಬ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಯಾರೂ ಇಲ್ಲದ ಮನೆಯಲ್ಲಿ ಅಷ್ಟೊಂದು ಸದ್ದು ಕೇಳಿ ಪುಟ್ಟಿ ದೊಡ್ಡಮ್ಮನ ಹತ್ತಿರಕ್ಕೆ ಸರಿದಳು. ಎರಡು ಕುರ್ಚಿ; ಒಂದರ ಮೇಲೆ ಹಳೆಯ ಪೇಪರಿನ ರಾಶಿ. ಕೂರಲು ಯಾರೂ ಬಾರದೆ ಕುರ್ಚಿಯೇ ಕಪಾಟಾಗಿತ್ತು. ಕಿಟಕಿಯ ಗಾಜಿಗೆ ಜಿಡ್ಡು, ಅಡುಗೆಮನೆಯ ಹಲಗೆಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಮೇಜಿನ ಮೇಲೆ ತೊಳೆಯದ ಒಂದೇ ಒಂದು ಕಾಫಿ ಕಪ್ಪು. ಹಾಸಿಗೆ ಮಾತ್ರ ಅಚ್ಚುಕಟ್ಟು. ಹೊದಿಕೆಯ ಮೂಲೆಗಳನ್ನು ಲಕೋಟೆಯಂತೆ ಓರೆಯಾಗಿ ಮಡಚಿ ಒಳಗೆ ಬಿಗಿಯಲಾಗಿತ್ತು.

ಬಚ್ಚಲು ಇನ್ನೂ ಒದ್ದೆಯಾಗಿತ್ತು. ಬಕೆಟ್ ಬೋರಲಾಗಿ ಬಿದ್ದಿತ್ತು, ಕಿಟಕಿ ಪೂರ್ತಿ ತೆರೆದಿತ್ತು. ಮೋರಿಯ ಜಾಲರಿಯಲ್ಲಿ ಕೊಳೆತ ನಿಂಬೆ ಸಿಪ್ಪೆಯ ಎಳೆಗಳು. ಕಂದು ಬಣ್ಣದ ಕಾಲೊರಸಿನ ಒಂದು ಮೂಲೆ ಬಿಳಿಚಿಕೊಂಡಿತ್ತು. ಕಿಟಕಿಯ ಕಟ್ಟೆಯ ಮೇಲೆ ಅಜ್ಜ ತೊಳೆದು ಒಣಗಲಿಟ್ಟಿದ್ದ ಗಡಿಯಾರದ ಹಿತ್ತಾಳೆ ಚಕ್ರಗಳು, ಅಕ್ಕಿಕಾಳಿಗಿಂತ ಸಣ್ಣವು. ದೊಡ್ಡಮ್ಮ ಒಂದನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು.

"ಹಲ್ಲುಗಳ ಸಂದಿಯಲ್ಲಿ ಹಸಿರು ಕಟ್ಟಿದೆ ನೋಡು ಪುಟ್ಟೀ. ಬರೀ ಹುಳಿಗೆ ಒಂದೇ ದಿನದಲ್ಲಿ ಹೀಗಾಗಲ್ಲ." ಆಮೇಲೆ ಕಾರ್ಯದರ್ಶಿಯತ್ತ ತಿರುಗಿದಳು. "ಮನೇಲಿ ಬ್ಲೀಚಿಂಗ್ ಪೌಡರ್ ಏನಾದ್ರೂ ಸಿಕ್ತಾ?"

"ಎಲ್ಲಾ ಕಡೆ ಹುಡುಕಿದ್ವಿ. ಈ ಹಸಿರು ಬಾಟಲಿ ಬಿಟ್ರೆ ಇನ್ನೇನೂ ಇಲ್ಲ."

ಎದುರು ಬಾಗಿಲ ಸಿಸ್ಟರಮ್ಮ ನರ್ಸಾಗಿ ದೊಡ್ಡ ಆಸ್ಪತ್ರೆಯ ವಾರ್ಡುಗಳನ್ನು ಆಳಿದವಳು. ಈಗ ಆಳಲು ಉಳಿದಿದ್ದು ಒಂದು ಕುಂಡ, ಒಂದು ರೇಡಿಯೋ. ಮಾತಾಡುವಾಗ ಅವಳು ಕಡುನೀಲಿ ಸ್ವೆಟರಿನ ತೋಳನ್ನು ಮತ್ತೆ ಮತ್ತೆ ಮೇಲಕ್ಕೆ ಮಡಚುತ್ತಿದ್ದಳು. ಆದರೂ ಅಂಚಿನಲ್ಲಿ ಎರಚಿದಂತಿದ್ದ ಮಾಸಲು ಕಿತ್ತಳೆ ಚುಕ್ಕೆಗಳು ಇಣುಕುತ್ತಿದ್ದವು.

"ಬಾಗಿಲು ತೆರೆದೇ ಇತ್ತು. ಕೆಮ್ಮು ಕೇಳಿಸ್ತು, ಓಡಿದೆ," ಎಂದಳು. "ಮೊದಲೇ ಹೇಳಿದ್ದೆ ಅವರಿಗೆ, ಆ ಹುಳಿನೀರನ್ನ ನಂಬಬೇಡಿ ಅಂತ. ನಮ್ಮ ವಾರ್ಡಿನಲ್ಲಾಗಿದ್ರೆ ಅದನ್ನ ಒಳಗೇ ಬಿಡ್ತಿರಲಿಲ್ಲ."

"ಅಜ್ಜ ನಿಮ್ಮ ಹತ್ರ ಚೆನ್ನಾಗಿ ಮಾತಾಡ್ತಾರಾ?"

"ಮಾತಾ? ಎದುರು ಸಿಕ್ರೆ ತಲೆ ಆಡಿಸ್ತಾರೆ. ಅಷ್ಟೇ." ಅವಳು ಬಾಗಿಲ ಚಿಲಕವನ್ನು ಬೆರಳಿಂದ ಒರೆಸಿದಳು. ಅಲ್ಲಿ ಧೂಳೇ ಇರಲಿಲ್ಲ.

ಅಂಗಡಿಯಲ್ಲಿ ಸೋಪಕ್ಕ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಲು ಶುರುಮಾಡಿದ್ದಳು. ಗಲ್ಲಾಪೆಟ್ಟಿಗೆಯ ಹತ್ತಿರ ಗಿರಾಕಿಗಳಿಗಾಗಿ ಒಂದೇ ಒಂದು ಸ್ಟೂಲು ಇತ್ತು.

"ಅಜ್ಜ ಎಷ್ಟು ದಿನಕ್ಕೊಮ್ಮೆ ಬಾಟಲಿ ತುಂಬಿಸ್ತಿದ್ರು?"

"ದಿನಾ. ಸಂಜೆಯಾಯ್ತು ಅಂದ್ರೆ ಖಾಲಿ ಬಾಟಲಿ ಹಿಡ್ಕೊಂಡು ಬಂದುಬಿಡೋರು. ಈ ಸ್ಟೂಲ್ ಮೇಲೆ ಕೂತು ಹಳೇ ಗಡಿಯಾರಗಳ ಕತೆ ಹೇಳಿ, ಕತ್ತಲಾಗೋ ಹೊತ್ತಿಗೆ ಏಳೋರು."

"ನಿನ್ನೆ?"

ಸೋಪಕ್ಕನ ಕೈ ನಿಂತಿತು. "ನಿನ್ನೆ... ಒಂದು ಶಾಲೆಯಿಂದ ದೊಡ್ಡ ಆರ್ಡರ್ ಬಂದಿತ್ತು ದೊಡ್ಡಮ್ಮ. ತಲೆ ಚಿಟ್ಟು ಹಿಡಿದಿತ್ತು. ಬಾಟಲಿ ತುಂಬಿಸಿ ಕೈಗೆ ತುರುಕಿ, 'ಇವತ್ತು ಹೋಗಿ ಅಜ್ಜ, ನನಗೆ ಪುರುಸೊತ್ತಿಲ್ಲ' ಅಂದುಬಿಟ್ಟೆ. ಕೂರಲೂ ಇಲ್ಲ ಪಾಪ."

"ಪೆಟ್ಟಿಗೆ ಕಟ್ಟೋದು ನಿಲ್ಸು," ಎಂದಳು ದೊಡ್ಡಮ್ಮ. "ನಾಳೆ ಎಲ್ಲರೂ ಅಜ್ಜನ್ನ ನೋಡೋಕೆ ಹೋಗೋಣ."

ಮರುದಿನ ಆಸ್ಪತ್ರೆಯ ಹಾಸಿಗೆಯ ಸುತ್ತ ಸೋಪಕ್ಕ, ಸಿಸ್ಟರಮ್ಮ, ಕಾರ್ಯದರ್ಶಿ ಸೇರಿ ಎಲ್ಲರೂ ನಿಂತರು. ಅಜ್ಜನ ಮೂಗಿಗೆ ನಳಿಕೆ ಇತ್ತು, ಕಣ್ಣು ತೆರೆದಿತ್ತು. ಕೀಲಿಯಿಲ್ಲದ ಕುತ್ತಿಗೆ ಬೋಳಾಗಿ ಕಾಣುತ್ತಿತ್ತು. ಹೊದಿಕೆ ಜಾರಿ ಒಂದು ಕಡೆ ಇಳಿಬಿದ್ದಿತ್ತು. ಸಿಸ್ಟರಮ್ಮ ತನಗೇ ಅರಿವಿಲ್ಲದೆ ಬಗ್ಗಿ, ಅದರ ಮೂಲೆಯನ್ನು ಓರೆಯಾಗಿ ಮಡಚಿ ಹಾಸಿಗೆಯ ಕೆಳಗೆ ಬಿಗಿದಳು.

ಲಕೋಟೆಯಂತೆ. ಪುಟ್ಟಿ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಆಗಲೇ ಅವಳನ್ನು ನೋಡುತ್ತಿದ್ದಳು.

"ಸೋಪಕ್ಕನ ನೀರಲ್ಲಿ ವಿಷ ಇರಲಿಲ್ಲ," ಎಂದು ದೊಡ್ಡಮ್ಮ ಮೆಲ್ಲಗೆ ಶುರುಮಾಡಿದಳು. "ಆದ್ರೆ ಅದರಲ್ಲಿ ಹುಳಿ ಇದೆ. ಹುಳಿ ಬ್ಲೀಚಿಂಗ್ ಪೌಡರಿಗೆ ಸೇರಿದ್ರೆ ಕ್ಲೋರಿನ್ ಗಾಳಿ ಏಳುತ್ತೆ. ಮುಚ್ಚಿದ ಬಚ್ಚಲಲ್ಲಿ ಅದು ಆಳನ್ನೇ ಕೆಡವುತ್ತೆ. ಹಿತ್ತಾಳೆ ಚಕ್ರ ಹಸಿರಾಗಿದ್ದು ಅದರಿಂದ, ಕಾಲೊರಸು ಬಿಳಿಚಿಕೊಂಡಿದ್ದು ಪೌಡರಿಂದ. ಹಾಗಾದ್ರೆ ಪೌಡರು ಬಂದಿದ್ದೆಲ್ಲಿಂದ? ಅಜ್ಜನ ಮನೇಲಿ ಚಿಟಿಕೆಯೂ ಇಲ್ಲ."

ಎಲ್ಲರೂ ಕಾರ್ಯದರ್ಶಿಯನ್ನು ನೋಡಿದರು. "ಅಯ್ಯೋ, ನಾನಲ್ಲ ಕಣ್ರೀ! ಕೋಣೆ ಬೇಕಿತ್ತು, ಹೆಣ ಬೇಕಿರಲಿಲ್ಲ," ಎಂದರು ಅವರು.

"ನೀವಲ್ಲ. ಅಜ್ಜನ ಕೀಲಿ ಅಜ್ಜನ ಕುತ್ತಿಗೆಯಲ್ಲೇ ಇತ್ತು. ಹೊರಗೆ ಸಿಕ್ಕಿಹಾಕಿಕೊಳ್ತಿದ್ದ ಕಾಲದಲ್ಲಿ ಇನ್ನೊಂದು ಕೀಲಿಯನ್ನ ಅವರು ಯಾರಿಗೋ ಕೊಟ್ಟಿರ್ತಾರೆ. ಹತ್ತಿರದವರಿಗೆ." ದೊಡ್ಡಮ್ಮ ತಿರುಗಲಿಲ್ಲ. "ಸಿಸ್ಟರಮ್ಮ, ಬಾಗಿಲು ತೆರೆದಿತ್ತು ಅಂದ್ರಿ. ಆ ಬಾಗಿಲು ತೆರೆದಿರೋಕೆ ಸಾಧ್ಯವೇ ಇಲ್ಲ. ಬಿದ್ದವರನ್ನ ಎಳೆಯೋ ಅವಸರದಲ್ಲೂ ಯಾರೋ ಕಿಟಕಿ ತೆರೆದು, ಬಕೆಟ್ ಬಕೆಟ್ ನೀರು ಸುರಿದು ಮೋರಿ ತೊಳೆದಿದ್ದಾರೆ. ಅದರಲ್ಲಿ ಏನಿದೆ ಅಂತ ಗೊತ್ತಿದ್ದವರು. ನಿಮ್ಮ ಸ್ವೆಟರಿನ ಬಣ್ಣ ಹೋಗಿದೆ. ಮತ್ತೆ ಧೂಳು ತುಂಬಿದ ಮನೆಯಲ್ಲಿ ಹಾಸಿಗೆಯ ಮೂಲೆ ಮಾತ್ರ ಹೀಗೆ ಮಡಚಿತ್ತು. ಈಗ ನೀವು ಮಡಚಿದ ಹಾಗೆ."

ಸಿಸ್ಟರಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು, ಅವು ಬೇರೆ ಯಾರದ್ದೋ ಎಂಬಂತೆ.

"ಕದಿಯೋಕೆ ಹೋಗ್ತಿರಲಿಲ್ಲ," ಎಂದಳು. "ಅವರು ಕೆಳಗೆ ಹೋದ ಹೊತ್ತಲ್ಲಿ ಹಾಸಿಗೆ ಸರಿ ಮಾಡ್ತಿದ್ದೆ, ಮೇಜಿನ ಮೇಲಿರೋ ಕಪ್ಪು ತೊಳೀತಿದ್ದೆ. ಅಷ್ಟೇ. ಎಲ್ಲಾ ತೊಳೆದ್ರೆ ಗೊತ್ತಾಗುತ್ತಲ್ಲ. ನಲವತ್ತು ವರ್ಷ ಒಬ್ಬರದಲ್ಲ ಒಬ್ಬರ ಸೇವೆ ಮಾಡಿದ ಕೈ ಇದು... ಸುಮ್ನೆ ಕೂರಲ್ಲ. ಈಚೆಗೆ ಮೋರಿ ನಾರ್ತಾ ಇತ್ತು. ವಾರ್ಡಿನಲ್ಲಿ ಪೌಡರ್ ಹಾಕಿ ನೆನೆಯೋಕೆ ಬಿಟ್ಟು ಆಮೇಲೆ ತೊಳೀತಿದ್ವಿ. ಹಾಗೇ ಮಾಡಿ ಮನೆಗೆ ಬಂದೆ. ಅವರು ಬರೋದ್ರೊಳಗೆ ಮೋರಿ, ಕಪ್ಪು ಎರಡನ್ನೂ ತೊಳೆದುಬಿಡ್ತೀನಿ ಅಂತ. ಕತ್ತಲಾಗೋ ತನಕ ಬರಲ್ವಲ್ಲ..."

"ಮೊನ್ನೆಯ ತನಕ ಬರ್ತಿರಲಿಲ್ಲ," ಎಂದಳು ದೊಡ್ಡಮ್ಮ. "ಅವತ್ತು ಸ್ಟೂಲ್ ಸಿಗಲಿಲ್ಲ. ಬೇಗ ಬಂದ್ರು. ಇನ್ನು ಕೊನೇ ಪ್ರಶ್ನೆ: ಧೂಳು ಹಿಡಿದ ಮನೆಯವರಿಗೆ ದಿನಕ್ಕೊಂದು ಬಾಟಲಿ ಯಾಕೆ ಬೇಕು? ಉತ್ತರ ಮೋರಿಯ ಜಾಲರಿಯಲ್ಲಿತ್ತು. ಅಜ್ಜ ಅದನ್ನ ಯಾವತ್ತೂ ಬಳಸಲೇ ಇಲ್ಲ. ದಿನಾ ಮೋರಿಗೆ ಸುರಿಯೋರು. ಸಿಪ್ಪೆ ಕೊಳೆತು ನಾರಿದ್ದು ಅದಕ್ಕೇ. ಬಾಟಲಿ ಖಾಲಿಯಾದ್ರೆ ತಾನೇ ಅಂಗಡಿಗೆ ಹೋಗೋಕೆ ನೆಪ? ಅವತ್ತು ಬಂದವರೇ ಪೂರ್ತಿ ಸುರಿದ್ರು, ಮತ್ತೆ ಇಳಿದು ಹೋಗಬಹುದು ಅಂತ."

ಸೋಪಕ್ಕ ಗೋಡೆಗೆ ಒರಗಿದಳು. "ಬಾಟಲಿ ಇಲ್ದೇನೂ ಬರಬಹುದಿತ್ತಲ್ಲ ಅಜ್ಜಾ..."

ಸಿಸ್ಟರಮ್ಮ ಕೈಚೀಲದಿಂದ ಕೀಲಿ ತೆಗೆದು ಹಾಸಿಗೆಯ ಅಂಚಿನಲ್ಲಿಟ್ಟಳು. "ತಪ್ಪಾಯ್ತು. ಇನ್ನು ಬರಲ್ಲ," ಎಂದಳು.

ಅಜ್ಜನ ಕೈ ಹೊದಿಕೆಯಡಿಯಿಂದ ಹೊರಬಂತು. ಸಣ್ಣ ಸ್ಕ್ರೂಗಳನ್ನು ಹಿಡಿದು ಪಳಗಿದ ಬೆರಳುಗಳು ಕೀಲಿಯನ್ನು ಎತ್ತಿ ಅವಳ ಅಂಗೈಗೆ ಹಾಕಿ ಮುಚ್ಚಿದವು. ಗಂಟಲಿನಿಂದ ಬಂದದ್ದು ಮಾತೋ ಬರೀ ಗೊರಗೊರ ಸದ್ದೋ ಎಂಬಂತಿತ್ತು; ಎಲ್ಲರೂ ಬಗ್ಗಿ ಕೇಳಬೇಕಾಯಿತು.

"ಮೊದಲ ವಾರವೇ ಗೊತ್ತಾಯ್ತು. ಆ ಕಪ್ಪನ್ನ... ನಿಮಗೋಸ್ಕರಾನೇ ಬಿಡ್ತಿದ್ದೆ." ಉಸಿರು ಎಳೆದುಕೊಂಡ. "ಕೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಕೇಳಲಿಲ್ಲ."

ಕಾರ್ಯದರ್ಶಿಯವರು ಕಿಟಕಿಯಾಚೆ ನೋಡುತ್ತ, ಅಳಿಯನಿಗೆ ಬೇರೆ ಕಡೆ ಜಾಗ ನೋಡಬಹುದು ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ಸೋಪಕ್ಕ ಅವತ್ತೇ ಪೆಟ್ಟಿಗೆ ಬಿಚ್ಚಿದಳು. ಪ್ರತಿ ಬಾಟಲಿಗೂ ಕೆಂಪಕ್ಷರದ ಚೀಟಿ ಅಂಟಿತು: ಬ್ಲೀಚಿನ ಜೊತೆ ಸೇರಿಸಬೇಡಿ. ಒಳ್ಳೆಯದೆಂದು ಹೇಳಿ ಮಾರಿದರೆ ಸಾಲದು, ಯಾವುದರ ಜೊತೆ ಕೂಡದೆಂದೂ ಹೇಳಬೇಕಿತ್ತು ಎಂದಳು. ಗಲ್ಲಾಪೆಟ್ಟಿಗೆಯ ಹತ್ತಿರ ಎರಡನೆಯ ಸ್ಟೂಲು ಬಂತು.

ಆ ಸಂಜೆ ಮನೆಯಲ್ಲಿ ದೊಡ್ಡಮ್ಮ ಕಿಟಕಿಯ ಹತ್ತಿರ ಕೂತಳು. ಅಂಗಿಯ ಗುಂಡಿಯೊಂದು ಸಡಿಲವಾಗಿತ್ತು.

"ಪುಟ್ಟೀ, ಕಣ್ಣು ಕಾಣಲ್ಲ ಕಣೇ. ಸ್ವಲ್ಪ ಪೋಣಿಸಿಕೊಡು."

ಅಕ್ಕಿಕಾಳಿಗಿಂತ ಸಣ್ಣ ಚಕ್ರ, ಅದರ ಹಲ್ಲುಗಳ ಸಂದಿಯ ಹಸಿರು, ಮನೆಯಲ್ಲೇ ಉಳಿದ ಕನ್ನಡಕ, ಎಲ್ಲ ಪುಟ್ಟಿಗೆ ಒಟ್ಟಿಗೆ ನೆನಪಾದವು. ತುಟಿಯ ತನಕ ಬಂದ ಮಾತನ್ನು ಅವಳು ನುಂಗಿಕೊಂಡಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಸೂಜಿಯ ಕಣ್ಣಿಗೆ ನಿಧಾನವಾಗಿ ತೂರಿಸತೊಡಗಿದಳು. ಎರಡು ಸಲ ಬೇಕೆಂದೇ ತಪ್ಪಿದಳು.